ಸಂಕಟದ ಅಳತೆ ಕಲಿಯಲು ಹೋದ ವರ್ಷ

ಒಂಟಿಕೊಪ್ಪಲ್

ವಿಲಾಯತಿಗೆ ಹೋಗಿ ಬಂದವರನ್ನು ಕಂಡರೆ ಜನ ಮೊದಲು ಕೇಳುವುದು ಅರಮನೆ ನೋಡಿದಿರಾ, ಹಿಮ ನೋಡಿದಿರಾ ಅಂತ. ಅರಮನೆ ನಾನು ನೋಡಲಿಲ್ಲ. ಮೈಸೂರಿನವಳಿಗೆ ಇನ್ನೊಂದು ಅರಮನೆ ಯಾಕೆ ಬೇಕು, ನೀವೇ ಹೇಳಿ. ಹಿಮ ನೋಡಿದೆ, ಸಾಕಪ್ಪಾ ಸಾಕು ಅನ್ನುವಷ್ಟು ನೋಡಿದೆ. ಆದರೆ ನಾನು ಹೋದದ್ದು ಇವೆರಡಕ್ಕೂ ಅಲ್ಲ. ಮನುಷ್ಯರಿಗೆ ಬರುವ ಕಷ್ಟಗಳನ್ನು ಅಂಕಿಯಲ್ಲಿ ಅಳೆಯುವುದು ಹೇಗೆ ಅಂತ ಕಲಿತು ಬರಲು ಹೋದೆ.

ಆಗ ನಾನು ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಡಂ. ಹೆಸರು ಪುಟ್ಟತಾಯಮ್ಮ. ಇಲವಾಲದ ಕಡೆಯ ಬೇಸಾಯದ ಮನೆತನ ನಮ್ಮದು, ಅದರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಂಗಸು ನಾನು. ಓದಿ ಮುಗಿಸುವ ಹೊತ್ತಿಗೆ ನನಗಿಂತ ಹೆಚ್ಚು ಓದಿದ ಗಂಡು ನಮ್ಮವರಲ್ಲಿ ಸಿಗಲಿಲ್ಲ, ಕಡಿಮೆ ಓದಿದವರು ನನ್ನನ್ನು ಒಪ್ಪಲಿಲ್ಲ. ಹಾಗಾಗಿ ಒಂಟಿಕೊಪ್ಪಲಿನಲ್ಲಿ ಅಣ್ಣನ ಮನೆಯೇ ನನ್ನ ಮನೆ. ಅಣ್ಣ ರೈಲ್ವೆಯಲ್ಲಿ ಗುಮಾಸ್ತ. ಅತ್ತಿಗೆ ದೇವೀರಮ್ಮ ಆ ಮನೆಯ ದೊರೆ. ಅವರ ಮಗಳು ಜಯ ನಾನೇ ಎತ್ತಿ ಆಡಿಸಿ, ಅಕ್ಷರ ತಿದ್ದಿಸಿ ಬೆಳೆಸಿದ ಕೂಸು. ಹಿಂದಿನ ಬೇಸಗೆಯಲ್ಲಿ ಮದುವೆಯಾಗಿ ಮಂಡ್ಯಕ್ಕೆ ಹೋಗಿದ್ದಳು. ನಾನು ಹೊರಡುವ ವಾರವಷ್ಟೇ ಅವಳು ಬಸುರಿ ಅಂತ ಗೊತ್ತಾಗಿತ್ತು.

ಆ ದೇಶದ ಕೆಲವು ಡಾಕ್ಟರುಗಳ ತಲೆಯಲ್ಲಿ ಆಗ ಒಂದು ಹೊಸ ಯೋಚನೆ ಓಡುತ್ತಿತ್ತು. ಮನುಷ್ಯನ ಮನಸ್ಸು ಸುಮ್ಮನೆ ಕೆಡುವುದಿಲ್ಲ. ಒಂದು ವರ್ಷದಲ್ಲಿ ಅವನ ಮೇಲೆ ಏನೇನು ಬಂದು ಬಿತ್ತು ಅಂತ ನೋಡಬೇಕು. ಸಾವು, ಮದುವೆ, ಕೆಲಸ ಹೋಗುವುದು, ಮನೆ ಬದಲಿಸುವುದು, ಒಂದೊಂದಕ್ಕೂ ಅದರ ಭಾರಕ್ಕೆ ತಕ್ಕ ಅಂಕ. ಎಲ್ಲ ಕೂಡಿದಾಗ ಮೊತ್ತ ಗೆರೆ ದಾಟಿದರೆ ಅಂಥವನ ಮೇಲೆ ಒಂದು ಕಣ್ಣಿಡಬೇಕು. ಒಳ್ಳೆಯ ಸುದ್ದಿಗೂ ಅಂಕ ಉಂಟು, ಯಾಕೆಂದರೆ ಸಂತೋಷವೂ ಮನುಷ್ಯನನ್ನು ಸುಸ್ತು ಮಾಡುತ್ತದೆ. ಮಗಳ ಮದುವೆ ಮಾಡಿದವರನ್ನು ಕೇಳಿ, ಹೌದು ಅಂತಾರೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮನಸ್ಸಿನ ಕಾಯಿಲೆಯವರಿಗೆ ಒಂದು ಕೋಣೆ ತೆರೆಯಬೇಕು ಅಂತಿದ್ದ ದೊಡ್ಡ ಡಾಕ್ಟರೊಬ್ಬರು, ಈ ವಿದ್ಯೆ ಕಲಿತು ಬಾಮ್ಮಾ ಅಂತ ನನಗೆ ವಿದ್ಯಾರ್ಥಿವೇತನ ಕೊಡಿಸಿದರು.

ಅತ್ತಿಗೆಗೆ ಇದನ್ನು ವಿವರಿಸಿದಾಗ ಮುದ್ದೆ ತೊಳಸುತ್ತಿದ್ದವರು ಕೈ ನಿಲ್ಲಿಸಿದರು.

"ಕಷ್ಟಕ್ಕೂ ಮಾರ್ಕ್ಸು ಕೊಟ್ಟಾರೇನವ್ವಾ? ಅಂಗಾದ್ರೆ ಈ ಬೀದಿಗೆಲ್ಲಾ ನಂದೇ ಫಸ್ಟ್ ಕ್ಲಾಸು ಕಣಮ್ಮ." ಆಮೇಲೆ ದನಿ ತಗ್ಗಿಸಿ, "ಹೋಗ್ಬುಟ್ಟು ಬಾ. ಆದ್ರೆ ಅಲ್ಲಿ ಯಾರ್ ಕೂಡೇನೂ ಜಗಳ ಆಡ್ಬೇಡ. ನಿನ್ ಬಾಯಿ ಒಳ್ಳೇದಲ್ಲ," ಅಂದರು.

ಹೊರಡುವ ದಿನ ಸ್ಟೇಷನ್ನಿಗೆ ಇಲವಾಲದಿಂದ ಒಂದು ಬಸ್ಸಿನ ತುಂಬ ಜನ ಬಂದಿದ್ದರು. ಅಣ್ಣ ನನ್ನ ಮುಖ ನೋಡದೆ ಟ್ರಂಕಿನ ಬೀಗವನ್ನೇ ಎಳೆದೆಳೆದು ನೋಡುತ್ತಿದ್ದ. ರೈಲು ಬಿಟ್ಟ ಮೇಲೆ ಗಾಡಿಯಲ್ಲಿ ಎಷ್ಟೊಂದು ಜಾಗ ಇದೆಯಲ್ಲ ಅನ್ನಿಸಿತು. ಹುಟ್ಟಿದಾಗಿನಿಂದ ನಾನು ಒಬ್ಬಳೇ ಕೂತು ಪ್ರಯಾಣ ಮಾಡಿದ್ದೇ ಇಲ್ಲ.

ಹಡಗು

ಬೊಂಬಾಯಿಯಲ್ಲಿ ಹಡಗು ಹತ್ತಿದೆ. ಸೂಯೆಜ್ ತಲುಪುವವರೆಗೂ ನನ್ನ ಹೊಟ್ಟೆಯಲ್ಲಿ ಒಂದು ತುತ್ತು ನಿಂತರೆ ಕೇಳಿ. ಅತ್ತಿಗೆ ಕಟ್ಟಿಕೊಟ್ಟ ಹುರಿಹಿಟ್ಟು ಬೆಲ್ಲವೇ ನನ್ನನ್ನು ಉಳಿಸಿದ್ದು. ಸಮುದ್ರದ ಬಗ್ಗೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ, ನಾನು ನೋಡಿದ್ದು ಹೆಚ್ಚಾಗಿ ಬಕೀಟು.

ಕೋಣೆಯಲ್ಲಿ ಜೊತೆಗಿದ್ದವರು ಒಬ್ಬ ಇಂಗ್ಲಿಷ್ ಹೆಂಗಸು. ದಿನಾ ಬೆಳಿಗ್ಗೆ ಎದ್ದು, "ಹೇಗಿದ್ದೀರಿ?" ಅಂತ ಕೇಳುತ್ತಿದ್ದರು. ಎಂಥ ಒಳ್ಳೆಯವರಪ್ಪಾ ಅಂದುಕೊಂಡು ನಾನು ಹೇಳಲು ಶುರು ಮಾಡಿದೆ. ನನಗೆ ಪರವಾಗಿಲ್ಲ; ಆದರೆ ತಂಗಿ ಸಾಕಮ್ಮನ ಗಂಡ ಹೋದ ಸಂಕ್ರಾಂತಿಯ ಹಿಂದೆ ತೀರಿಕೊಂಡ, ಅವಳು ಮಕ್ಕಳನ್ನು ಕಟ್ಟಿಕೊಂಡು ಏನು ಮಾಡುತ್ತಿದ್ದಾಳೋ ಅಂತ ಯೋಚನೆ; ಜಯನಿಗೆ ವಾಂತಿ ಶುರುವಾಗಿದೆಯೋ ಏನೋ; ಅಣ್ಣನಿಗೆ ಮೊಣಕಾಲು. ಆ ಹೆಂಗಸು ಟವೆಲು ಕೈಯಲ್ಲಿ ಹಿಡಿದು ನಿಂತೇ ಇದ್ದರು, ಮುಖ ಕೆಂಪಗಾಗುತ್ತಾ ಬಂತು. ಮಾರನೆಯ ದಿನದಿಂದ, "ಇವತ್ತು ಗಾಳಿ ಚೆನ್ನಾಗಿದೆ," ಅಂತಷ್ಟೇ ಹೇಳಿ ಹೊರಗೆ ಹೋಗಿಬಿಡುತ್ತಿದ್ದರು. ನಮ್ಮಲ್ಲಿ ಹೇಗಿದ್ದೀಯಾ ಅಂತ ಒಬ್ಬರನ್ನು ಕೇಳಿದರೆ ಮನೆಮಂದಿಯ ಸಮಾಚಾರವೆಲ್ಲ ಬರಬೇಕು, ಇಲ್ಲದಿದ್ದರೆ ಅದು ಉತ್ತರವೇ ಅಲ್ಲ. ಅವರ ಕಡೆ, ಚೆನ್ನಾಗಿದ್ದೇನೆ ಅಂದು ಬಾಯಿ ಮುಚ್ಚಬೇಕು. ನನಗೆ ಅಲ್ಲೇ ಬುದ್ಧಿ ಬರಬೇಕಾಗಿತ್ತು, ಬರಲಿಲ್ಲ.

ಮಿಸೆಸ್ ಪಾರ್ಕರ್ ಮನೆ

ನಾನು ಸೇರಬೇಕಾಗಿದ್ದ ಆಸ್ಪತ್ರೆ ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿತ್ತು. ಹೊಗೆ ಕುಡಿದು ಕಪ್ಪಗಾದ ಇಟ್ಟಿಗೆಯ ಊರು. ಬೀದಿಗೆ ಬೀದಿಯೇ ಒಂದೇ ಥರದ ಮನೆಗಳು, ಎಲ್ಲ ಬಾಗಿಲೂ ಮುಚ್ಚಿದ್ದು. ಮೊದಲ ಸಂಜೆಯೇ ಬೇರೆಯವರ ಮನೆ ಬಾಗಿಲು ತಟ್ಟಿದೆ. ತೆರೆದ ಮುದುಕಪ್ಪ ಬೈಯಲಿಲ್ಲ, ಟೋಪಿ ಹಾಕಿಕೊಂಡು ಬಂದು ನನ್ನನ್ನು ಸರಿಯಾದ ಮನೆಗೆ ಮುಟ್ಟಿಸಿ ಹೋದರು. ಆಮೇಲೆ ವರ್ಷವಿಡೀ ಅವರನ್ನು ಬೀದಿಯಲ್ಲಿ ಕಂಡೆ, ಒಂದು ದಿನಕ್ಕೂ ಟೋಪಿ ಎತ್ತುವುದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ನನಗೆ ಕೋಣೆ ಬಾಡಿಗೆಗೆ ಕೊಟ್ಟ ಮಿಸೆಸ್ ಪಾರ್ಕರ್ ಒಳ್ಳೆಯ ಹೆಂಗಸು. ಇಂಡಿಯಾದವರು ಮಾಂಸ ಮುಟ್ಟುವುದಿಲ್ಲ ಅಂತ ಅವರಿಗೆ ಯಾರೋ ಹೇಳಿದ್ದರು. ನನ್ನ ಧರ್ಮ ಕೆಡಬಾರದು ಅಂತ ದಿನಾ ಬೇಯಿಸಿದ ಕೋಸು, ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕ್ಯಾರೆಟ್ಟು. ಅತ್ತ ಮೇಜಿನ ತುದಿಯಲ್ಲಿ ಅವರು ಕೋಳಿಯ ಕಾಲು ಕಡಿಯುತ್ತಿದ್ದರು. ನಾನೋ, ಹಬ್ಬದ ಮಾರನೆಯ ದಿನ ಮರಿ ಕಡಿದು ಮನೆಮಂದಿಯೆಲ್ಲ ಸಾರು ಸುರಿದುಕೊಂಡು ತಿನ್ನುವ ಮನೆಯವಳು. ಬಾಯಿಬಿಟ್ಟು ಹೇಳೋಣ ಅಂದರೆ ಅವರು ಅಷ್ಟು ಗೌರವದಿಂದ ಕೋಸು ಬಡಿಸುತ್ತಾರೆ, ನಾಚಿಕೆ. ಹೀಗೆ ವಾರಗಟ್ಟಲೆ ನಡೆಯಿತು. ಕೊನೆಗೆ ಒಂದು ಭಾನುವಾರ ಅವರು ಅಡಿಗೆಮನೆಗೆ ಹೋದಾಗ ತಟ್ಟೆಯಲ್ಲಿದ್ದ ತುಂಡೊಂದನ್ನು ಬಾಯಿಗೆ ಹಾಕಿಕೊಂಡೆ, ಅದೇ ಹೊತ್ತಿಗೆ ಅವರು ವಾಪಸ್ಸು ಬಂದರು. ಬಾಯಲ್ಲಿ ಕೋಳಿ, ಮಾತಾಡುವ ಹಾಗಿಲ್ಲ. ಅವರು ಒಂದು ಗಳಿಗೆ ನೋಡಿ, ನಗುವುದಕ್ಕೆ ಶುರು ಮಾಡಿದರು ನೋಡಿ, ನನಗೂ ತಡೆಯಲಾಗಲಿಲ್ಲ. ಆ ದೇಶಕ್ಕೆ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಆದರೆ ನಗುವುದಕ್ಕೂ ಮಿತಿ ಇರುತ್ತದೆ. ರಾತ್ರಿ ಊಟವಾದ ಮೇಲೆ ಅವರು ಅವರ ಕೋಣೆಗೆ, ನಾನು ನನ್ನ ಕೋಣೆಗೆ. ಬಾಗಿಲು ಹಾಕಿಕೊಂಡರೆ ಒಂದು ಸದ್ದಿಲ್ಲ. ನಮ್ಮ ಮನೆಯಲ್ಲಿ ಓದಲು ಆಗುವುದಿಲ್ಲ, ಏನು ಗಲಾಟೆ ಇದು ಅಂತ ನಾನು ಎಷ್ಟು ಸಲ ಕೂಗಾಡಿದ್ದೆ. ಈಗ ಪುಸ್ತಕ ತೆರೆದಿಟ್ಟು ಸುಮ್ಮನೆ ಗೋಡೆ ನೋಡುತ್ತಾ ಕೂರುತ್ತಿದ್ದೆ.

ಆಸ್ಪತ್ರೆ

ಅಲ್ಲಿ ಒಂದು ನೇಮ ಇತ್ತು. ರೋಗಿಗಳ ಕಷ್ಟ ಕೇಳಿ ಬರೆದುಕೊಳ್ಳುವವರು ಮೊದಲು ತಮ್ಮ ಕಷ್ಟ ಅಳೆಸಿಕೊಳ್ಳಬೇಕು. ಸ್ವತಃ ಭಾರ ಹೊತ್ತವರ ಮೇಲೆ ಇನ್ನೊಬ್ಬರ ಭಾರ ಹೇರಬಾರದು ಅಂತ. ಮೊತ್ತ ಗೆರೆ ದಾಟಿದರೆ ಅಂಥವರು ವಾರ್ಡಿಗೆ ಹೋಗುವ ಹಾಗಿಲ್ಲ, ಮನೆಗೆ ಹೋಗಿ ಸುಧಾರಿಸಿಕೊಳ್ಳಬೇಕು. ಒಳ್ಳೆಯ ನೇಮವೇ. ಸೇರಿದ ವಾರ ನನ್ನ ಮುಂದೆಯೂ ಒಂದು ಹಾಳೆ ಇಟ್ಟರು. ಕಳೆದ ಒಂದು ವರ್ಷದಲ್ಲಿ ನಿಮ್ಮ ಬದುಕಿನಲ್ಲಿ ಇವುಗಳಲ್ಲಿ ಯಾವ ಯಾವುದು ನಡೆದಿದೆ, ಗುರುತು ಹಾಕಿ. ನಾನು ಶಿಸ್ತಾಗಿ ಕೂತು, ಒಂದನ್ನೂ ಮರೆಯದೆ ಗುರುತು ಹಾಕಿದೆ.

ಮಾರನೆಯ ದಿನ ಎಲ್ಲರೂ ನನ್ನ ಜೊತೆ ಮೆತ್ತಗೆ ಮಾತಾಡಲು ಶುರು ಮಾಡಿದರು. ಒಬ್ಬ ನರ್ಸು ಕೇಳದೆಯೇ ಚಹ ತಂದುಕೊಟ್ಟಳು. ಇನ್ನೊಬ್ಬಳು ನನ್ನ ಕೈಯಲ್ಲಿದ್ದ ಪುಸ್ತಕದ ಕಟ್ಟನ್ನು ಕಿತ್ತುಕೊಂಡು, "ಭಾರ ಎತ್ತಬೇಡಿ," ಅಂದಳು. ಮನೆಗೆ ಬಂದರೆ ಮಿಸೆಸ್ ಪಾರ್ಕರ್ ನನ್ನನ್ನು ಬೆಂಕಿಯ ಹತ್ತಿರದ ಕುರ್ಚಿಯಲ್ಲಿ ಕೂರಿಸಿ ಕಾಲಿನ ಕೆಳಗೆ ಒಂದು ದಿಂಬು ಇಟ್ಟರು. ಈ ಜನ ಎಷ್ಟು ಒಳ್ಳೆಯವರು, ಸುಮ್ಮನೆ ಬೈದುಕೊಂಡೆನಲ್ಲ ಅಂತ ನನಗೆ ಕಣ್ಣು ತುಂಬಿ ಬಂತು.

ಮೂರನೆಯ ದಿನ ನನ್ನ ಮೇಲಧಿಕಾರಿ ಡಾಕ್ಟರ್ ಹ್ಯಾರಿಸ್ ಕರೆಸಿದರು. ತೆಳ್ಳಗೆ, ಉದ್ದಕ್ಕೆ, ಎಂದೂ ದನಿ ಎತ್ತದ ಮನುಷ್ಯ. ಬಾಗಿಲು ತಾವೇ ಮುಚ್ಚಿದರು.

"ನೀವು ತುಂಬ ಧೈರ್ಯಸ್ಥರು. ಆದರೆ ಈ ಸ್ಥಿತಿಯಲ್ಲಿ ನಿಮ್ಮನ್ನು ಇಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ. ಊರಿಗೆ ಕಳಿಸುವ ಏರ್ಪಾಡು ಮಾಡುತ್ತೇವೆ."

"ಯಾವ ಸ್ಥಿತಿ?" ಅಂದೆ.

ಅವರು ಹಾಳೆ ಎತ್ತಿಕೊಂಡು ಓದಿದರು. "ಒಂದೇ ವರ್ಷದಲ್ಲಿ ನಿಮಗೆ ಮದುವೆಯಾಗಿದೆ. ಗಂಡ ತೀರಿಕೊಂಡಿದ್ದಾರೆ. ಅತ್ತೆ ಮನೆಯವರ ಜೊತೆ ಮನಸ್ತಾಪವಾಗಿದೆ. ನಡುವೆ ಒಮ್ಮೆ ಜೈಲಿಗೂ ಹೋಗಿ ಬಂದಿದ್ದೀರಿ. ಈಗ ಗರ್ಭಿಣಿಯಾಗಿದ್ದೀರಿ. ನಾನು ಇಲ್ಲಿಯವರೆಗೆ ಇಷ್ಟು ದೊಡ್ಡ ಮೊತ್ತ ನೋಡಿಯೇ ಇಲ್ಲ."

ಅಯ್ಯೋ ನನ್ನ ಶಿವನೇ! ಮದುವೆಯಾಗದ ಹೆಂಗಸಿನ ಕೈಯಲ್ಲಿ ಬಸುರಿನ ಮುಂದೆ ಗುರುತು. ಆಸ್ಪತ್ರೆಯ ಸುದ್ದಿ ಮಿಸೆಸ್ ಪಾರ್ಕರ್ ಕಿವಿಗೂ ಮುಟ್ಟಿದೆ, ದಿಂಬು ಯಾಕೆ ಬಂತು ಅಂತ ಆಗ ಗೊತ್ತಾಯಿತು. ನಾಚಿಕೆಯೂ ನಗುವೂ ಒಟ್ಟಿಗೇ ಬಂದವು, ಅವೆರಡರ ಹಿಂದೆಯೇ ಸಿಟ್ಟು ಬಂತು. ಮದುವೆ, ಬಸುರು, ಅತ್ತೆಯ ಕಾಟ ಜಯನದು, ಸತ್ತದ್ದು ಸಾಕಮ್ಮನ ಗಂಡ, ಜೈಲಿಗೆ ಹೋದದ್ದು ಬದುವಿನ ಜಗಳದಲ್ಲಿ ಸಿಕ್ಕಿಬಿದ್ದ ಚಿಕ್ಕಪ್ಪನ ಮಗ ಅಂತ ವಿವರಿಸಿ ಹೇಳಿದೆ. ಡಾಕ್ಟರ್ ಹ್ಯಾರಿಸ್ ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದರು.

"ಅಂದರೆ ಇವು ಯಾವುವೂ ನಿಮಗೆ ಆದದ್ದಲ್ಲ."

"ನನಗಲ್ಲದೆ ಇನ್ಯಾರಿಗೆ ಆಯಿತು?" ಅಂದೆ. ಅತ್ತಿಗೆ ಹೇಳಿಕಳಿಸಿದ್ದೆಲ್ಲ ಮರೆತೇ ಹೋಯಿತು. "ಮದುವೆಯ ವಾರವೆಲ್ಲ ನಿದ್ದೆಗೆಟ್ಟವಳು ನಾನು. ಹೆಣದ ಮುಂದೆ ತಂಗಿಯನ್ನು ಹಿಡಿದುಕೊಂಡು ಕೂತವಳು ನಾನು. ಜೈಲಿಗೆ ಬುತ್ತಿ ಕಟ್ಟಿಕೊಂಡು ಹೋದವಳೂ ನಾನು. ಇವು ನನ್ನ ಬದುಕಿನಲ್ಲಿ ನಡೆದದ್ದಲ್ಲ ಅಂತ ಹೇಗೆ ಬರೆಯಲಿ?"

ಅವರು ಪೆನ್ಸಿಲು ಕೆಳಗಿಟ್ಟರು. "ನೀವು ಹೇಳುವುದು ನನಗೆ ಅರ್ಥವಾಗುತ್ತದೆ," ಅಂದರು. "ಆದರೆ ಎಲ್ಲರ ಕಷ್ಟವನ್ನೂ ಎಲ್ಲರ ಲೆಕ್ಕಕ್ಕೆ ಬರೆದರೆ ನಾವು ಅಳೆಯುವುದೇನನ್ನು? ಒಬ್ಬ ಮನುಷ್ಯ, ಅವನಿಗೆ ಆದದ್ದು. ಈ ಕೆಲಸ ನಿಂತಿರುವುದೇ ಅದರ ಮೇಲೆ. ಹಾಗೆ ಬರೆಯುವುದಕ್ಕೆ ಒಪ್ಪಿದರೆ ಉಳಿಯಿರಿ. ಇಲ್ಲದಿದ್ದರೆ ನಾನು ನಿಮ್ಮನ್ನು ವಾಪಸ್ಸು ಕಳಿಸಲೇಬೇಕು."

ಅವರು ಹೇಳಿದ್ದೂ ಸುಳ್ಳಲ್ಲ. ವಾಪಸ್ಸು ಹೋದರೆ ಮೈಸೂರಿನಲ್ಲಿ ಆ ಕೋಣೆ ತೆರೆಯುವುದಿಲ್ಲ. ಹುಚ್ಚರ ವಿದ್ಯೆ ಕಲಿಯಲು ಹೋಗಿ ತಾನೇ ತಲೆ ಕೆಡಿಸಿಕೊಂಡು ಬಂದಳು ಅಂತ ಜನ ಆಡಿಕೊಳ್ಳುತ್ತಾರೆ. ಅಣ್ಣ ಹೇಗೆ ತಲೆ ಎತ್ತಿಕೊಂಡು ತಿರುಗಾಡುತ್ತಾನೆ? ಒಪ್ಪಿದೆ.

ಇನ್ನೊಂದು ಹಾಳೆ

ಹೊಸ ಹಾಳೆ ಕೊಟ್ಟರು. ಗಂಡನ ಸಾವು. ಇಲ್ಲ. ಮದುವೆ. ಇಲ್ಲ. ಗಂಡನಿಂದ ದೂರವಾಗುವುದು. ಇಲ್ಲ. ಬಸುರು, ಮಗು, ಮಗ ಮಗಳು ಮನೆ ಬಿಟ್ಟು ಹೋಗುವುದು. ಇಲ್ಲ, ಇಲ್ಲ, ಇಲ್ಲ. ಕೊನೆಯ ಸಾಲಿನವರೆಗೂ ಇಳಿದೆ. ಊರು ಬದಲಾವಣೆ ಅನ್ನುವುದೊಂದರ ಮುಂದೆ ಗುರುತು ಬಿತ್ತು.

"ಭೇಷ್," ಅಂದರು ಡಾಕ್ಟರ್ ಹ್ಯಾರಿಸ್, ನಿಜವಾದ ಸಂತೋಷದಿಂದ. "ಈ ಆಸ್ಪತ್ರೆಯಲ್ಲೇ ಎಲ್ಲರಿಗಿಂತ ನೆಮ್ಮದಿಯ ಮನುಷ್ಯ ನೀವೇ." ಎದ್ದು ನಿಂತು ಕೈ ಕುಲುಕಿದರು. ನಾಳೆಯಿಂದ ವಾರ್ಡಿಗೆ ಬರಬಹುದು ಅಂದರು.

ಅವತ್ತು ಬಸ್ಸು ಹತ್ತದೆ ನಡೆದೇ ಮನೆಗೆ ಹೋದೆ. ಸೋನೆ ಹಿಡಿದಿತ್ತು. ಒಂದು ಮನೆಯ ಕಿಟಕಿಯಲ್ಲಿ ಪರದೆ ಎಳೆದಿರಲಿಲ್ಲ; ಒಳಗೆ ಒಬ್ಬ ಹೆಂಗಸು ಮಗುವಿನ ತಲೆ ಒರೆಸುತ್ತಿದ್ದಳು. ಇಷ್ಟು ವರ್ಷ ನಾನು ಜಯನ ತಲೆ ಒರೆಸಿದೆ, ಸಾಕಮ್ಮನ ಮಕ್ಕಳಿಗೆ ಲಂಗ ಹೊಲಿದೆ, ಊರಿನ ಮದುವೆಗಳಿಗೆಲ್ಲ ಚಪ್ಪರದ ಕೆಳಗೆ ಓಡಾಡಿದೆ. ಹಾಳೆಯ ಪ್ರಕಾರ ನನಗೆ ಏನೂ ಆಗಿಯೇ ಇಲ್ಲ. ನಲವತ್ತರ ಹತ್ತಿರ ಬಂದ ಹೆಂಗಸು, ಬೀದಿಯಲ್ಲಿ ಅಳುತ್ತಾ ನಡೆದೆ. ಪುಣ್ಯಕ್ಕೆ ಮಳೆ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಆ ಊರಿನಲ್ಲಿ ಯಾರೂ ನಿಂತು ಕೇಳುತ್ತಿರಲಿಲ್ಲ ಅನ್ನಿ.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಬೆಳಿಗ್ಗೆ ಕತ್ತಲೆ, ಸಂಜೆ ನಾಲ್ಕಕ್ಕೆಲ್ಲ ಕತ್ತಲೆ. ಒಮ್ಮೊಮ್ಮೆ ಕೋಣೆಯಲ್ಲಿ ಕನ್ನಡದಲ್ಲಿ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿದ್ದೆ, ನನ್ನ ದನಿ ನನಗೇ ಮರೆತು ಹೋಗಬಾರದು ಅಂತ. ಅತ್ತಿಗೆಯ ಹಾಗೆ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ: "ಏಳೇ, ಎದ್ದು ಮೊಕ ತೊಳ್ಕೊಳೇ."

ಕಿಟಕಿ ಪಕ್ಕದ ಮಂಚ

ವಾರ್ಡಿನಲ್ಲಿ ನನ್ನ ಪಾಲಿಗೆ ಬಂದವರಲ್ಲಿ ಮಿಸ್ ಬೆಲ್ ಒಬ್ಬರು. ಅರವತ್ತು ದಾಟಿದವರು. ಕಿಟಕಿ ಪಕ್ಕದ ಮಂಚದಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ತಲೆ ಬಾಚುವುದಿಲ್ಲ, ಊಟ ಬೇಕಿಲ್ಲ. ಅವರ ಮೊತ್ತ ಹೆಚ್ಚುಕಡಿಮೆ ನನ್ನಷ್ಟೇ ಕಡಿಮೆ. ಮದುವೆಯಿಲ್ಲ, ಮಕ್ಕಳಿಲ್ಲ, ಇದ್ದ ಒಬ್ಬ ಅಕ್ಕ ಎಂದೋ ಸತ್ತಿದ್ದರು. ಕಾರಣ ಸಿಗದ ಕಾಯಿಲೆ ಅಂತ ಡಾಕ್ಟರುಗಳು ತಲೆ ಕೆರೆದುಕೊಳ್ಳುತ್ತಿದ್ದರು.

ಹಾಳೆಯಲ್ಲಿದ್ದ ಪ್ರಶ್ನೆಗಳೆಲ್ಲ ಮುಗಿದ ಮೇಲೂ ನಾನು ಏಳಲಿಲ್ಲ. ಏನು ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿದೆ. ಗೋಡೆಗೇ ಉತ್ತರ ಹೇಳಿದರು: "ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಒಬ್ಬರ ಫೋನನ್ನು ಇನ್ನೊಬ್ಬರಿಗೆ ಜೋಡಿಸಿ ಕೊಡುವ ಕೆಲಸ. ಊರಿನಲ್ಲಿ ಯಾರು ಸತ್ತರೂ ಹುಟ್ಟಿದರೂ ಮೊದಲು ಗೊತ್ತಾಗುತ್ತಿದ್ದದ್ದು ನನಗೇ. ಆಮೇಲೆ ಜನ ತಾವೇ ನಂಬರು ತಿರುಗಿಸಿಕೊಳ್ಳುವ ಹಾಗಾಯಿತು, ನನ್ನನ್ನು ಮನೆಗೆ ಕಳಿಸಿದರು. ಅದಾಗಿ ಕೆಲವು ವರ್ಷಗಳಾಗಿವೆ."

"ಈಗ ಯಾರ ಸುದ್ದಿ ಬರುತ್ತದೆ?" ಅಂದೆ.

"ಯಾರದೂ ಇಲ್ಲ." ಈ ಕಡೆ ತಿರುಗಿ ನನ್ನ ಸೀರೆ ನೋಡಿದರು. "ನಿಮಗೆ?"

ಅಷ್ಟೇ ಸಾಕಾಗಿತ್ತು. ತಿಂಗಳುಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದವಳು, ಬೀಗ ಬಿಚ್ಚಿತು. ಸಾಕಮ್ಮನಿಂದ ಶುರು ಮಾಡಿ ಚಿಕ್ಕಪ್ಪನ ಮಗನವರೆಗೆ ಹೇಳಿದೆ. ಜಯನ ಅತ್ತೆ ಬಸುರಿ ಹುಡುಗಿಗೆ ಮೊಸರು ಹಾಕದೆ ಬಚ್ಚಿಡುತ್ತಾಳೆ ಅಂತ ಅಣ್ಣ ಬರೆದದ್ದನ್ನೂ ಹೇಳಿದೆ. ಹಡಗಿನ ಹೆಂಗಸಿನ ಹಾಗೆ ಇವರು ಓಡಿ ಹೋಗಲಿಲ್ಲ. ಕಣ್ಣು ಮುಚ್ಚಿ, ಕಿವಿಯನ್ನು ಸ್ವಲ್ಪ ನನ್ನ ಕಡೆ ವಾಲಿಸಿ ಕೇಳಿದರು. ವರ್ಷಾನುಗಟ್ಟಲೆ ಹಾಗೇ ಕೂತು ಕೇಳಿದವರಲ್ಲವೇ.

ಮಾರನೆಯ ದಿನ ನಾನು ಹೋಗುವಾಗಲೇ ಅವರು ಎದ್ದು ಕೂತಿದ್ದರು. "ಆ ಹೆಂಗಸು ಈಗಲಾದರೂ ಮೊಸರು ಕೊಡುತ್ತಿದ್ದಾಳೋ ಇಲ್ಲವೋ?" ಅಂತ ಕೇಳಿದರು.

"ಕಾಗದ ಬರಬೇಕು."

"ಅವಳನ್ನು ಇಲ್ಲಿಗೆ ಕಳಿಸಿ. ನಾನು ಮಾತಾಡುತ್ತೇನೆ."

ಆ ಚಳಿಗಾಲ ಕಳೆದದ್ದು ಹೀಗೆ. ಮನೆಯ ಕಾಗದ ಬಂದ ದಿನ ನಾನು ಮೊದಲು ಅವರ ಮಂಚಕ್ಕೆ ಹೋಗುತ್ತಿದ್ದೆ. ಅಣ್ಣನ ಮೊಣಕಾಲಿಗೆ ಅವರು ತಮ್ಮ ಅಮ್ಮನ ಕಾಲದ ಯಾವುದೋ ಎಣ್ಣೆ ಹೇಳಿದರು. ಸಾಕಮ್ಮ ಎಮ್ಮೆ ಸಾಕಿ ಹಾಲು ಮಾರಲು ಶುರು ಮಾಡಿದಳು ಅಂದಾಗ, "ನನಗೆ ಗೊತ್ತಿತ್ತು, ಅವಳು ಗಟ್ಟಿಗಿತ್ತಿ," ಅಂದರು. ತಲೆ ಬಾಚಿಕೊಳ್ಳುತ್ತಿದ್ದಾರೆ, ಊಟ ಮಾಡುತ್ತಿದ್ದಾರೆ ಅಂತ ನರ್ಸುಗಳು ಮಾತ್ರೆಯನ್ನು ಹೊಗಳಿದರು.

ಮಂಡ್ಯದ ಸುದ್ದಿ

ಮರಗಳಲ್ಲಿ ಎಲೆ ಕಾಣಿಸಿಕೊಳ್ಳುವ ಹೊತ್ತಿಗೆ ತಂತಿ ಬಂತು. ಜಯನಿಗೆ ಹೆಣ್ಣು ಮಗು, ಇಬ್ಬರೂ ಕ್ಷೇಮ. ನಾನು ವಾರ್ಡಿನಲ್ಲಿ ಓಡಿದೆ. ಮೇಡಂ ಅನ್ನುವುದೂ ಮರೆತು, ಸೀರೆ ಎತ್ತಿಕಟ್ಟಿ ಓಡಿದೆ. ಮಿಸ್ ಬೆಲ್ ತಂತಿಯನ್ನು ತಮ್ಮ ಕೈಗೇ ತೆಗೆದುಕೊಂಡು ಓದಿ, ಪಕ್ಕದ ಮಂಚದವರಿಗೆ, ಅದರಾಚೆಯವರಿಗೆ, ಚಹದ ಗಾಡಿಯವಳಿಗೆ, ಎಲ್ಲರಿಗೂ ಹೇಳಿದರು. "ನಮಗೆ ಹೆಣ್ಣು ಮಗುವಾಗಿದೆ," ಅಂದರು.

ಅದೇ ವಾರ ರೋಗಿಗಳನ್ನೆಲ್ಲ ಇನ್ನೊಂದು ಸಲ ಅಳೆಯಬೇಕಾಗಿತ್ತು. ಮಿಸ್ ಬೆಲ್ ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದರು. ಮನೆಗೆ ಹೊಸ ಜೀವ ಬಂದದ್ದು ಅನ್ನುವ ಸಾಲಿನ ಮೇಲೆ ಬೆರಳಿಟ್ಟು, "ಬರೆದುಕೊಳ್ಳಿ," ಅಂದರು.

ನಾನು ಬರೆಯಲಿಲ್ಲ. ಮಾತು ಕೊಟ್ಟಿದ್ದೆ: ಒಬ್ಬ ಮನುಷ್ಯ, ಅವನಿಗೆ ಆದದ್ದು. ಹೊರಡಲು ಕೆಲವೇ ವಾರ ಉಳಿದಿತ್ತು, ಪ್ರಮಾಣಪತ್ರಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ.

"ಯಾಕೆ? ಸುಳ್ಳೇ?" ಅಂತ ಕೇಳಿದರು. ಸಿಟ್ಟಿನಿಂದಲ್ಲ; ಅವರಿಗೆ ನಿಜವಾಗಿ ತಿಳಿಯಬೇಕಾಗಿತ್ತು. ನಾನು ಇಲ್ಲ ಅಂದರೆ ಅವರು ಮತ್ತೆ ಗೋಡೆಯ ಕಡೆ ತಿರುಗುತ್ತಾರೆ ಅಂತ ನನಗೆ ಅವರ ಮುಖದಲ್ಲೇ ಕಂಡಿತು. ಗುರುತು ಹಾಕಿದೆ.

ಡಾಕ್ಟರ್ ಹ್ಯಾರಿಸ್ ಆ ಗುರುತಿನ ಮೇಲೆ ಬೆರಳಿಟ್ಟರು. "ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದಿಲ್ಲ, ಮಿಸ್ ತಾಯಮ್ಮ. ನಿಮಗೂ ಗೊತ್ತು."

"ಗೊತ್ತು. ಅವರು ಹೇಳಿದರು, ನಾನು ಬರೆದೆ. ನನ್ನನ್ನು ಕಳಿಸಿಬಿಡಿ ಬೇಕಾದರೆ."

ಅವರು ಮಿಸ್ ಬೆಲ್ ಹಾಳೆಯನ್ನು ಉಳಿದ ಕಟ್ಟಿನಿಂದ ತೆಗೆದು ಬೇರೆ ಇಟ್ಟರು. ನನ್ನನ್ನು ಕಳಿಸಲಿಲ್ಲ. ಪ್ರಮಾಣಪತ್ರ ಕೊಟ್ಟರು; ಇವರು ರೋಗಿಗಳ ಹೇಳಿಕೆ ಪಡೆಯುವಾಗ ಮೇಲ್ವಿಚಾರಣೆ ಅಗತ್ಯ ಅಂತ ಕೆಳಗೆ ಒಂದು ಸಾಲು ಸೇರಿಸಿದರು. ಅದನ್ನು ಓದಿ ಆಗ ಉರಿದುಹೋಯಿತು. ಈಗ ನ್ಯಾಯವೇ ಅನ್ನಿಸುತ್ತದೆ.

ಹೊರಡುವ ದಿನ ಮಿಸ್ ಬೆಲ್ ಆಸ್ಪತ್ರೆಯ ಗೇಟಿನವರೆಗೂ ನಡೆದು ಬಂದರು. ಅವರನ್ನು ಇನ್ನು ಕೆಲವು ದಿನಗಳಲ್ಲಿ ಮನೆಗೆ ಕಳಿಸುವವರಿದ್ದರು. ನಮ್ಮ ಹಾಗೆ ತಬ್ಬಿಕೊಳ್ಳುವ ಜನ ಅಲ್ಲ ಅವರು. ನನ್ನ ಕೋಟಿನ ಗುಂಡಿ ಹಾಕಿ, "ಹುಡುಗಿಗೆ ಯಾವ ಹೆಸರಿಟ್ಟರು ಅಂತ ತಿಳಿಸಬೇಕು," ಅಂದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದರು. ಅವರ ಅಕ್ಕಪಕ್ಕ ಯಾರೂ ಇರಲಿಲ್ಲ.

ಮೈಸೂರು

ಬಂದ ಮೇಲೆ ಕೋಣೆ ತೆರೆಯಿತು, ಕೆಲಸ ಶುರುವಾಯಿತು. ಮಿಸ್ ಬೆಲ್ಲಿಗೆ ನಾನು ಬರೆಯುತ್ತಿದ್ದೆ, ಅವರೂ ಬರೆಯುತ್ತಿದ್ದರು. ಮನೆಯಲ್ಲಿ ಅವರ ಕಾಗದಗಳನ್ನು ಕನ್ನಡಕ್ಕೆ ಮಾಡಿ ಓದಿ ಹೇಳಬೇಕಾಗುತ್ತಿತ್ತು, ಅತ್ತಿಗೆ ಬಿಡುತ್ತಿರಲಿಲ್ಲ.

ಮುಂದಿನ ವರ್ಷ ಒಂದು ಬೆಳಿಗ್ಗೆ ಅಂಚೆಯವನು ತಂದ ಲಕೋಟೆಯ ಮೇಲೆ ಬೇರೆ ಯಾರದೋ ಅಕ್ಷರ. ವಾರ್ಡಿನ ನರ್ಸು ಬರೆದಿದ್ದಳು. ಮಿಸ್ ಬೆಲ್ ನಿದ್ದೆಯಲ್ಲೇ ತೀರಿಕೊಂಡರು. ಹತ್ತಿರದವರು ಯಾರೂ ಇಲ್ಲದ್ದರಿಂದ ನಿಮಗೆ ತಿಳಿಸುತ್ತಿದ್ದೇನೆ. ನಾನು ಜಗಲಿಯ ಮೇಲೆ ಹಾಗೇ ಕೂತುಬಿಟ್ಟೆ.

ಅತ್ತಿಗೆ ಸೆರಗಿಗೆ ಕೈ ಒರೆಸುತ್ತಾ ಬಂದರು. "ಯಾಕವ್ವಾ? ಯಾರು?"

"ಮಿಸ್ ಬೆಲ್."

"ಜಯನ್ ಅತ್ತೆಗೆ ಬೈದೋರಾ?" ಅಂದವರೇ ಒಳಗೆ ಹೋದರು. ಹಿತ್ತಲ ಬಚ್ಚಲ ಒಲೆಗೆ ಸೌದೆ ಒಡ್ಡುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, "ಏಳು. ನೀರು ಕಾದದೆ. ತಲೆ ಮೇಲೆ ಉಯ್ಕೊ," ಅಂದರು.

ಸಾವಿನ ಸುದ್ದಿ ಕೇಳಿ ತಲೆಗೆ ನೀರು ಹಾಕಿಕೊಳ್ಳುವುದು ನೆಂಟರಿಗೆ, ದಾಯಾದಿಗಳಿಗೆ. "ಅವರು ನಮಗೆ ಏನೂ ಆಗಬೇಕಿಲ್ಲ ಅತ್ತಿಗಮ್ಮ," ಅಂದೆ.

"ನಿನ್ಗೆ ಆಗ್ಬೇಕಲ್ಲ. ಏಳು."

ಕೂರಿಸಿ ಅವರೇ ನೀರು ಹೊಯ್ದರು. ಚೊಂಬಿನ ಮೇಲೆ ಚೊಂಬು ನೀರು ಬೀಳುತ್ತಿರುವಾಗ ನಾನು ಬಾಯಿಬಿಟ್ಟು ಅತ್ತೆ. ಅವರು ಸುಮ್ಮನಿರು ಅನ್ನಲಿಲ್ಲ. ನನ್ನದು ಮುಗಿದ ಮೇಲೆ ತಾವೂ ಕೂದಲು ಬಿಚ್ಚಿ ಕಲ್ಲಿನ ಮೇಲೆ ಕೂತು, "ಈಗ ನಂಗೆ ಉಯ್ಯಿ," ಅಂದರು.

ಅಷ್ಟರಲ್ಲಿ ಅಣ್ಣ ಆಫೀಸಿಗೆ ಹೊರಟವನು, ಊಟಕ್ಕೆ ತಟ್ಟೆ ಹಾಕಿಲ್ಲ, ಒಲೆಯ ಮೇಲೆ ಏನೂ ಇಲ್ಲ ಅಂತ ಕೂಗಾಡುತ್ತಾ ಹಿತ್ತಲಿಗೆ ಬಂದ. ಇಬ್ಬರೂ ಒದ್ದೆ ತಲೆಯಲ್ಲಿ ಕೂತಿದ್ದನ್ನು ನೋಡಿ ನಿಂತುಬಿಟ್ಟ.

ಅತ್ತಿಗೆ ಮುಖದ ಮೇಲಿನ ನೀರು ಒರೆಸಿಕೊಂಡು ಹೇಳಿದರು: "ನಮ್ಮನೇಲಿ ಒಂದು ಸಾವಾಗ್ಯದೆ. ಮೊದ್ಲು ನೀವೂ ಬಂದು ತಲೆ ಮೇಲೆ ಉಯ್ಕಳಿ."